ಲೈಸನ್ಸು ನನ್ನ ಹೆಸರಿನಲ್ಲಿತ್ತು

ನಾನು ಒಂದು ಮದರ್‌ಬೋರ್ಡು. ಕಂಪ್ಯೂಟರಿನ ಡಬ್ಬಿಯ ಪಕ್ಕದ ಮುಚ್ಚಳ ಬಿಚ್ಚಿದರೆ ಒಳಗೆ ಒಂದು ಹಸಿರು ಹಲಗೆ ಕಾಣುತ್ತದಲ್ಲ, ಅದೇ ನಾನು. ಲೆಕ್ಕ ಮಾಡುವ ಪ್ರೊಸೆಸರು ನನ್ನ ಎದೆಯ ಮೇಲೆ ಕೂರುತ್ತದೆ. ರ‍್ಯಾಮು ನನ್ನ ಪಕ್ಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಡಿಸ್ಕು ಒಂದು ವೈರಿನಿಂದ ನನಗೆ ಜೋತುಬೀಳುತ್ತದೆ. ಎಲ್ಲರನ್ನೂ ಹೊತ್ತುಕೊಂಡಿರುತ್ತೇನೆಂದು ನನ್ನ ಹೆಸರಿಗೆ ತಾಯಿಯನ್ನು ಸೇರಿಸಿದ್ದಾರೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ತಾಯಿಯ ದೊಡ್ಡ ಮನಸ್ಸನ್ನು ನನ್ನಲ್ಲಿ ಹುಡುಕಬೇಡಿ. ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಓಡುವ ಪಟ್ಟಿಯ ಮೇಲೆ ಮಲಗಿಸಿ, ಮೈತುಂಬ ಸಣ್ಣ ಸಣ್ಣ ಚಿಪ್ಪು ನೆಟ್ಟು, ಕರಗಿದ ಬೆಸುಗೆಯ ಮೇಲೆ ಒಮ್ಮೆ ತೇಲಿಸಿ ಆಚೆ ತೆಗೆದರು. ಮೈ ಆರುವ ಮೊದಲೇ ಪಕ್ಕದ ಪಟ್ಟಿಯ ಕಡೆ ನೋಡಿದೆ. ಅಲ್ಲಿ ಹೋಗುತ್ತಿದ್ದ ಬೋರ್ಡಿಗೆ ರ‍್ಯಾಮು ಕೂರಲು ನಾಲ್ಕು ಮನೆ. ನನಗೆ ಎರಡೇ. ಅಲ್ಲಿಗೆ ನನ್ನ ಹೊಟ್ಟೆಗೆ ಕಿಡಿ ಬಿತ್ತು.

ಹಡಗು, ಲಾರಿ, ಗೋದಾಮು ಎಲ್ಲ ದಾಟಿ ಬಾಗಲಕೋಟೆಯಲ್ಲಿ ನಜೀರ್ ಎಂಬವನ ಅಂಗಡಿ ಸೇರಿದೆ. ಕಂಪ್ಯೂಟರಿನ ಬಿಡಿಭಾಗ ಮಾರುವುದು, ಜೋಡಿಸಿ ಕೊಡುವುದು ಅವನ ಕಸುಬು. ಬಣ್ಣದ ದೀಪ ಮಿನುಗಿಸುವ ಬೋರ್ಡುಗಳನ್ನು ಗಾಜಿನ ಕಪಾಟಿನಲ್ಲಿಟ್ಟಿದ್ದ. ನನ್ನನ್ನು ಅದರ ಕೆಳಗೆ, ಮೌಸುಗಳ ಪಕ್ಕದಲ್ಲಿ. ಬಂದವರೆಲ್ಲ ಬಾಯಿ ತೆರೆದು ಮೇಲೇ ನೋಡುತ್ತಿದ್ದರು. ದೀಪ ಹಾಕಿಕೊಂಡವರೆಲ್ಲ ದೇವರೇ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ಕೆಳಗೆ ಬಗ್ಗಿ ನೋಡಿದವಳು ದಾಕ್ಷಾಯಣಿ ಒಬ್ಬಳೇ. ಗುಳೇದಗುಡ್ಡದವಳು, ನಲವತ್ತರ ಹತ್ತಿರದ ವಯಸ್ಸು. ಅವಳ ಊರು ಖಣಕ್ಕೆ ಹೆಸರುವಾಸಿ. ಖಣವೆಂದರೆ ಕುಪ್ಪಸಕ್ಕೆಂದೇ ನೇಯುವ, ಮೈತುಂಬ ಸಣ್ಣ ಹೂವಿನ ನಕ್ಷೆ ಇರುವ ಬಟ್ಟೆ. ಅವಳ ಗಂಡ ಮಹಾಗುಂಡಪ್ಪ ಅದನ್ನು ನೇಯುತ್ತಿದ್ದ, ಅವಳು ನಕ್ಷೆ ಬರೆಯುತ್ತಿದ್ದಳು. ಚೌಕುಳಿ ಹಾಳೆಯಲ್ಲಿ ಚುಕ್ಕೆ ತುಂಬಿ ತುಂಬಿ ಕಣ್ಣು ಸೋತು, ಈಗ ಕಂಪ್ಯೂಟರಿನಲ್ಲಿ ಬರೆಯಬೇಕೆಂದು ಬಂದಿದ್ದಳು. ಸಿದ್ಧವಾದದ್ದನ್ನು ಕೊಳ್ಳದೆ, ತರಕಾರಿ ಆರಿಸಿದಂತೆ ಒಂದೊಂದೇ ಭಾಗ ಆರಿಸಿ ಕಟ್ಟಿಸಿದಳು. ಬೋರ್ಡಿನ ಸರದಿ ಬಂದಾಗ ನನ್ನ ಮೇಲೆ ಬೆರಳಿಟ್ಟಳು. ಗಾಜಿನ ಕಪಾಟಿನವರ ಮುಖ ನೋಡಬೇಕಿತ್ತು ನೀವು.

ಕೊನೆಗೆ ಆಪರೇಟಿಂಗ್ ಸಿಸ್ಟಮ್ ಹಾಕುವ ಮಾತು ಬಂತು. ಕಂಪ್ಯೂಟರು ಕಣ್ಣು ಬಿಟ್ಟು ಕೆಲಸ ಮಾಡಲು ಅದೇ ಬೇಕು, ಅದನ್ನು ಬಳಸಲು ಕಂಪನಿಯ ಲೈಸನ್ಸು ಬೇಕು.

"ಲೈಸನ್ಸ್ ಯಾಕ್ರಿ ಅಕ್ಕಾರ? ಯಾರೂ ತಗೊಳ್ಳಂಗಿಲ್ಲ. ನಾ ಪುಕ್ಕಟ ಹಾಕಿಕೊಡ್ತೇನಿ," ಎಂದ ನಜೀರ್.

"ಬ್ಯಾಡ ನಜೀರಭಾಯಿ. ನನ್ನ ಹುಣಸಿಚಿಗರಿನ ನಕ್ಷಿ ಬಜಾರದ ಚಂದ್ರಕಾಂತ ಕದ್ದಾಗ ಅವನ ಅಂಗಡಿ ಮುಂದ ನಿಂತು ಬೈದು ಬಂದೇನಿ. ನಾಳೆ ನಾನೂ ಮಂದೀದು ಕದ್ದರ ಯಾವ ಬಾಯಿಲೆ ಬೈಲಿ?"

ನಜೀರ್ ತಲೆ ಕೆರೆದುಕೊಂಡ. "ಹಂಗಾದ್ರ ಕೇಳ್ರಿ. ಎರಡು ನಮೂನಿ ಅದಾವ. ಒಂದು ಸೋವಿ. ಮೊದಲ ಯಾವ ಬೋರ್ಡಿಗೆ ಹಾಕ್ತೀವಿ ಅದಕ್ಕಾ ಗಂಟುಬೀಳತೈತಿ. ಬೋರ್ಡು ಸತ್ತರ ಲೈಸನ್ಸೂ ಸತ್ತಂಗ. ಇನ್ನೊಂದು ತುಟ್ಟಿ. ಮುಂದ ಬೋರ್ಡು ಬದಲಿ ಮಾಡಿದ್ರೂ ಹೊಸದಕ್ಕ ಒಯ್ಬಹುದು. ಆದ್ರ ಒಂದು ಸಲಕ್ಕ ಒಂದಾ ಬೋರ್ಡು."

ಸೋವಿಯದನ್ನೇ ಕೊಳ್ಳಲಿ ದೇವರೇ ಎಂದು ಮೇಜಿನ ಮೇಲೆ ಮಲಗಿದ್ದಲ್ಲೇ ಹರಕೆ ಹೊತ್ತೆ. ದಾಕ್ಷಾಯಣಿ ತುಟ್ಟಿಯದನ್ನೇ ಕೊಂಡಳು. ಮದುವೆಯ ದಿನವೇ ಸವತಿಗೆ ಜಾಗ ತೆಗೆದಿಟ್ಟಂತಾಯಿತು.

ಲೈಸನ್ಸಿನ ಜೊತೆ ಒಂದು ಸಣ್ಣ ಕಾರ್ಡು ಬಂತು. ಅದರ ಮೇಲೆ ಇಪ್ಪತ್ತೈದು ಅಕ್ಷರ ಅಂಕಿಗಳ ಒಂದು ಗುಟ್ಟಿನ ಸಾಲು. ಅದಕ್ಕೆ ಕೀ ಎನ್ನುತ್ತಾರೆ. ಕಳೆದರೆ ಮತ್ತೆ ಸಿಗುವುದಿಲ್ಲವೆಂದು ನಜೀರ್ ಎಚ್ಚರಿಸಿದ್ದಕ್ಕೆ, ದಾಕ್ಷಾಯಣಿ ಅದನ್ನು ಡಬ್ಬಿಯ ನೆತ್ತಿಗೇ ಗೋಂದು ಹಚ್ಚಿ ಅಂಟಿಸಿಬಿಟ್ಟಳು.

ಹೀಗೆ ನನ್ನ ಸಂಸಾರ ಶುರುವಾಯಿತು. ಮುಂದಿನ ಕೋಣೆಯಲ್ಲಿ ಮಗ್ಗ, ಅದರ ಎದುರಿಗೆ ನಾನು. ಮಗ್ಗದ ಮೇಲೂ ನನಗೆ ಹೊಟ್ಟೆಕಿಚ್ಚೇ. ದಿನವಿಡೀ ಸದ್ದು ಮಾಡುತ್ತಿತ್ತು, ಎಲ್ಲರೂ ಅದನ್ನೇ ಹೊಗಳುತ್ತಿದ್ದರು. ನಕ್ಷೆ ಮೊದಲು ಹುಟ್ಟುವುದು ನನ್ನಲ್ಲಿ ಎಂಬುದು ಯಾರಿಗೆ ಬೇಕಿತ್ತು? ಎರಡು ವರ್ಷಕ್ಕೆ ಹೊಸ ರ‍್ಯಾಮು ಬಂತು. ನಾಲ್ಕು ವರ್ಷಕ್ಕೆ ಹಳೆ ಡಿಸ್ಕು ಹೋಗಿ ಹೊಸದು ಬಂತು. "ಡಿಸ್ಕು ಹಾಕಿಸಿದ ಮ್ಯಾಲ ಎಷ್ಟು ಚುರುಕಾಗೇತಿ ನೋಡ್ರಿ," ಎಂದು ದಾಕ್ಷಾಯಣಿ ಗಂಡನಿಗೆ ಹೇಳಿದಳು. ಕೆಲಸ ಎಲ್ಲರದು, ಹೆಸರು ಮಾತ್ರ ನಿನ್ನೆ ಮೊನ್ನೆ ಬಂದವರದು. ಆದರೂ ಒಂದು ಸಮಾಧಾನವಿತ್ತು. ಯಾರು ಬಂದರೂ ಯಾರು ಹೋದರೂ ಲೈಸನ್ಸು ಅಲುಗಲಿಲ್ಲ. ಕಂಪನಿ ಗುರುತು ಹಿಡಿಯುತ್ತಿದ್ದದ್ದು ನನ್ನನ್ನು. ನಾನಿರುವಲ್ಲಿ ಅದು.

ಪ್ರತಿ ವರ್ಷ ಖಂಡೇನವಮಿಗೆ ಮಗ್ಗ, ಲಾಳಿ, ಕತ್ತರಿಗಳ ಜೊತೆ ನನಗೂ ಪೂಜೆಯಾಗುತ್ತಿತ್ತು. ಮಹಾಗುಂಡಪ್ಪ ಮಿಂದು ಬಂದು, ವಿಭೂತಿ ಕಲಸಿ, ಮೂರು ಬೆರಳಲ್ಲಿ ಎಲ್ಲಕ್ಕೂ ಪಟ್ಟೆ ಎಳೆಯುತ್ತಿದ್ದ. ಡಬ್ಬಿಯ ನೆತ್ತಿಯ ಮೇಲಿನ ಆ ಕಾರ್ಡು ಅವನಿಗೆ ಹಣೆಯಂತೆ ಕಂಡಿರಬೇಕು. ವಿಭೂತಿ ಅದರ ಮೇಲೆಯೇ, ನಡುವೆ ಕುಂಕುಮವೂ. ಮಾರನೆಯ ದಿನ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸುತ್ತಿದ್ದ. ಮಗ್ಗಕ್ಕೆ ಮಾಲೆ ಹಾಕುವ ಮೊದಲು ನನಗೆ ಹಾಕಲಿ ಎಂಬುದಷ್ಟೇ ಆಗ ನನ್ನ ಚಿಂತೆ.

ಒಂಬತ್ತನೆಯ ವರ್ಷ ನೇಕಾರರ ಸಂಘವೊಂದು ಖಣದ ನೇಯ್ಗೆಯಲ್ಲಿ ಇಡೀ ಸೀರೆಯನ್ನೇ ನೇಯಿಸಬೇಕೆಂದು ಹೊರಟಿತು. ಯಾರ ನಕ್ಷೆ ಒಪ್ಪಿಗೆಯಾಗುತ್ತದೋ ಅವರ ಓಣಿಯ ಮಗ್ಗಗಳಿಗೆ ವರ್ಷವಿಡೀ ಕೆಲಸ. ಕಣದಲ್ಲಿ ಉಳಿದವರು ಇಬ್ಬರು, ದಾಕ್ಷಾಯಣಿ ಮತ್ತು ಅದೇ ಚಂದ್ರಕಾಂತ. ಸೋಮವಾರ ನಕ್ಷೆ ಒಪ್ಪಿಸಬೇಕು. ಕದ್ದ ನಕ್ಷೆಗಳಿಂದ ಸಂಘದವರು ಹಿಂದೊಮ್ಮೆ ಪಾಡುಪಟ್ಟಿದ್ದರಂತೆ. ಹಾಗಾಗಿ ನಕ್ಷೆ ನನ್ನದೇ, ಬಳಸಿದ ಸಾಫ್ಟ್‌ವೇರೆಲ್ಲ ಲೈಸನ್ಸಿನದೇ ಎಂದು ಸಹಿ ಮಾಡಿಕೊಡಬೇಕಿತ್ತು. ಚಂದ್ರಕಾಂತ ಇಂಥದ್ದಕ್ಕೆ ಕಣ್ಣು ಮುಚ್ಚಿ ಸಹಿ ಹಾಕುವವನು. ಓಣಿಯ ಎಂಟು ಮನೆಯವರು ದಾಕ್ಷಾಯಣಿಯನ್ನೇ ನಂಬಿಕೊಂಡಿದ್ದರು.

ಕುಪ್ಪಸದಳತೆಯ ನಕ್ಷೆ ನನಗೆ ನೀರು ಕುಡಿದಷ್ಟು ಸಲೀಸು. ಸೀರೆಯಳತೆಯದನ್ನು ತೆರೆದರೆ ಉಸಿರು ಕಟ್ಟುತ್ತಿತ್ತು. ಒಂದೇ ದಿನ ನಾಲ್ಕು ಸಲ ನಿಂತುಬಿಟ್ಟೆ. ನಜೀರ್ ಬಂದು ನೋಡಿದ. "ಇದರವು ಎರಡೂ ಮನಿ ತುಂಬ್ಯಾವ ಅಕ್ಕಾರ. ಮತ್ತ ರ‍್ಯಾಮ್ ಹಾಕಾಕ ಜಾಗಾ ಇಲ್ಲ. ಬೋರ್ಡಾ ಬದಲಿ ಮಾಡಬೇಕು."

ಗುರುವಾರ ನನ್ನ ಸವತಿ ಬಂತು. ಕಪ್ಪು ಮೈ, ಬೆಳ್ಳಿಯ ಬಣ್ಣದ ಕವಚ, ರ‍್ಯಾಮಿಗೆ ನಾಲ್ಕು ಮನೆ. ಒಂಬತ್ತು ವರ್ಷದ ನನ್ನ ತಿರುಪುಗಳನ್ನು ಬಿಚ್ಚಿ, ಕಿಟಕಿಯ ಕಟ್ಟೆಯ ಮೇಲೆ ಹಳೆ ಪತ್ರಿಕೆ ಹಾಸಿ ಮಲಗಿಸಿದರು. ನನ್ನ ಜಾಗದಲ್ಲಿ ಅದನ್ನು ನಿಲ್ಲಿಸಿದರು. ನನ್ನ ಡಿಸ್ಕು ನಾಚಿಕೆಯಿಲ್ಲದೆ ಹೋಗಿ ಅದಕ್ಕೆ ಜೋತುಬಿತ್ತು. ಪರದೆ ಥಟ್ಟನೆ ಬೆಳಗಿತು. ಎಷ್ಟು ಬೇಗ! ನನಗೆ ಮೈಯೆಲ್ಲ ಉರಿಯಿತು.

ಆದರೆ ಪರದೆಯ ಮೂಲೆಯಲ್ಲಿ ಒಂದು ಸಾಲು ಮೂಡಿತ್ತು. ಈ ಯಂತ್ರಕ್ಕೆ ಲೈಸನ್ಸಿಲ್ಲ ಎಂದು.

"ಏನಾಗಂಗಿಲ್ಲ, ಬೋರ್ಡು ಹೊಸದು ನೋಡ್ರಿ, ಗುರುತು ಸಿಕ್ಕಿಲ್ಲ. ಕೀ ಹೇಳ್ರಿ ಅಕ್ಕಾರ, ಹಾಕಿದ್ರ ಮುಗೀತು," ಎಂದ ನಜೀರ್.

ದಾಕ್ಷಾಯಣಿ ಡಬ್ಬಿಯನ್ನು ಬೆಳಕಿಗೆ ತಿರುಗಿಸಿದಳು. ಕಾರ್ಡು ಇತ್ತು. ಅಕ್ಷರಗಳಿರಲಿಲ್ಲ. ಒಂಬತ್ತು ವರ್ಷದ ವಿಭೂತಿ, ಕುಂಕುಮ, ಒದ್ದೆ ಬಟ್ಟೆ ಸೇರಿ ಇಪ್ಪತ್ತೈದರಲ್ಲಿ ಏಳನ್ನಷ್ಟೇ ಉಳಿಸಿದ್ದವು. ನಜೀರ್ ಕನ್ನಡಕ ಹಾಕಿಕೊಂಡು ನೋಡಿದ, ಬ್ಯಾಟರಿ ಹಿಡಿದು ನೋಡಿದ.

"ದೇವರಿಗೆ ಮಗ್ಗದ ಹಲಿಗಿ ಸಾಲಲಿಲ್ಲೇನ್ರಿ? ಇದರ ಮ್ಯಾಲಾ ಬಳೀಬೇಕಿತ್ತಾ?" ಎಂದು ದಾಕ್ಷಾಯಣಿ ಗಂಡನ ಮೇಲೆ ಹರಿಹಾಯ್ದಳು.

"ದೇವರ ಕೆಲಸ ಮಾಡೇನಿ. ಕುಡಿದು ಬಂದು ಬಳದೇನೇನು?" ಎಂದ ಮಹಾಗುಂಡಪ್ಪ. ಅವನ ದನಿ ಸಣ್ಣಗಾಗಿತ್ತು.

ನಿಜ ಹೇಳುತ್ತೇನೆ, ನನ್ನ ಹೊಟ್ಟೆಗೆ ತಣ್ಣನೆಯ ಹಾಲು ಹೊಯ್ದಂತಾಯಿತು. ನಾಲ್ಕು ಮನೆ ಇದ್ದರೇನು, ಬೆಳ್ಳಿ ಕವಚ ಇದ್ದರೇನು, ಲೈಸನ್ಸು ನನ್ನದು.

ಇನ್ನೊಂದು ಲೈಸನ್ಸು ತರಿಸೋಣವೆಂದರೆ ಸೋಮವಾರದೊಳಗೆ ಬರುವಂತಿರಲಿಲ್ಲ. ನಜೀರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಅಕ್ಕಾರ, ಇದೊಂದು ಸಲ ಕ್ರ್ಯಾಕ್ ಹಾಕಿ ಲೈಸನ್ಸಾ ಕೇಳದಂಗ ಮಾಡಿಬಿಡ್ತೇನಿ. ನೀವೇನು ಕದ್ದಂಗ ಆಗಂಗಿಲ್ಲ. ರೊಕ್ಕಾ ಕೊಟ್ಟೀರಿ, ಕೀ ಅಷ್ಟ ಅಳಿಸೇತಿ."

ದಾಕ್ಷಾಯಣಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕುಳಿತಳು. ಎಂಟು ಮನೆಯ ಮಗ್ಗ ಅವಳ ಕಣ್ಣ ಮುಂದೆ ಇದ್ದಿರಬೇಕು.

"ಚಂದ್ರಕಾಂತಗೂ ಹಿಂತಾದ್ದೊಂದು ಮಾತಿತ್ತು ನಜೀರಭಾಯಿ," ಎಂದಳು ಕೊನೆಗೆ. "ಹುಣಸಿಗಿಡ ದೇವರದು, ಚಿಗರು ನಿಂದು ಹೆಂಗಾತು ಅಂದಿದ್ದ. ಒಲ್ಲೆ. ಬ್ಯಾರೆ ದಾರಿ ಇದ್ರ ನೋಡ್ರಿ."

ಶುಕ್ರವಾರವೆಲ್ಲ ನಜೀರ್ ಯಾರು ಯಾರಿಗೋ ಫೋನ್ ಮಾಡಿದ. ಶನಿವಾರ ಬೆಳಿಗ್ಗೆ ದಾರಿ ಹಿಡಿದುಕೊಂಡು ಬಂದ. ಹಳೆ ಬೋರ್ಡನ್ನು ಮತ್ತೆ ಕೂರಿಸಬೇಕು. ಲೈಸನ್ಸಿನ ಜೀವ ಇನ್ನೂ ಅದರಲ್ಲೇ ಇದೆ. ಇಂಟರ್‌ನೆಟ್ಟಿನಲ್ಲಿ ದಾಕ್ಷಾಯಣಿಯ ಹೆಸರಿನ ಒಂದು ಖಾತೆ ತೆರೆದು, ಲೈಸನ್ಸನ್ನು ಅದಕ್ಕೆ ಕಟ್ಟಿಹಾಕಬೇಕು. ಆಮೇಲೆ ಹೊಸ ಬೋರ್ಡಿನಿಂದ ಅದೇ ಖಾತೆಯ ಮೂಲಕ ಕೇಳಿ ಇಳಿಸಿಕೊಳ್ಳಬಹುದು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ! ಸವತಿಯನ್ನು ಬಿಚ್ಚಿ ಕಿಟಕಿಗೆ ಕಳಿಸಿದರು. ನನ್ನನ್ನು ಒಳಗೆ ಕರೆದರು. ತಿರುಪು ಬಿಗಿಯುತ್ತಿದ್ದಾಗ ಯೋಚಿಸಿದೆ. ಏಳದಿದ್ದರೆ? ನನ್ನ ಕೈಯಾರೆ ನನ್ನದನ್ನು ತೆಗೆದು ಅದಕ್ಕೆ ಕೊಡುವ ಕರ್ಮ ನನಗೇಕೆ? ನಾನು ಏಳದಿದ್ದರೆ ಲೈಸನ್ಸು ನನ್ನ ಜೊತೆಗೇ ಮಣ್ಣಾಗುತ್ತದೆ.

ನಜೀರ್ ಗುಂಡಿ ಒತ್ತಿದ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದ. ನಾನು ಬೇಕೆಂದೇ ಸುಮ್ಮನಿದ್ದೆ.

"ವಯಸ್ಸಾಗೇತ್ರಿ," ಎಂದ ನಜೀರ್.

ದಾಕ್ಷಾಯಣಿ ಗೋಡೆಗೊರಗಿ ನೆಲದ ಮೇಲೆ ಕುಳಿತುಬಿಟ್ಟಳು. ಮಹಾಗುಂಡಪ್ಪ ಮಗ್ಗದಿಂದ ಎದ್ದು ಬಂದ. "ಆಗಂಗಿಲ್ಲಂದ್ರ ಬಿಡು, ಎಷ್ಟ್ ಹೆಣಗ್ತಿ. ಚಂದ್ರಕಾಂತ ಆಗಲೇ ಆರ್ಡರ್ ತನಗಾ ಅಂತ ಬಜಾರದಾಗ ಪೇಢೆ ಹಂಚಾಕತ್ಯಾನ. ಅವನ ಸೀರಿ ತುಂಬ ನಿನ್ನ ಹುಣಸಿಚಿಗರಾ ಐತಂತ."

ಹುಣಸೆಚಿಗುರು! ಚೌಕುಳಿ ಹಾಳೆಯ ಆ ಹಳೆ ನಕ್ಷೆಯನ್ನು ಅವಳು ಕಂಪ್ಯೂಟರಿಗೆ ಇಳಿಸಿದಾಗ ಅದರ ಒಂದೊಂದು ಎಲೆಯೂ ನನ್ನ ಮೂಲಕ ಹಾದು ಬಂದದ್ದು. ಒಂದು ತೊಟ್ಟಿನ ಬಾಗು ಸರಿಯಾಗಲಿಲ್ಲವೆಂದು ದಾಕ್ಷಾಯಣಿ ಹನ್ನೊಂದು ಸಲ ಅಳಿಸಿ ಬರೆದದ್ದು ನನಗೆ ಗೊತ್ತು, ಅವನಿಗೇನು ಗೊತ್ತು? ಅವನು ಫೋಟೋ ಹೊಡೆದುಕೊಂಡವನು. ಸವತಿಯ ಮೇಲಿನ ಹೊಟ್ಟೆಕಿಚ್ಚು ಒಂದು ಕಡೆ, ಅವನ ಮೇಲಿನದು ಇನ್ನೊಂದು ಕಡೆ ಇಟ್ಟು ತೂಗಿದೆ. ಅವನದೇ ಹೆಚ್ಚು ತೂಗಿತು. ನಾನು ಒಳ್ಳೆಯವಳಾದೆನೆಂದು ಯಾರೂ ತಿಳಿಯಬೇಡಿ. ನಜೀರ್ ಮೂರನೆಯ ಸಲ ಒತ್ತಿದಾಗ ಎದ್ದೆ.

ಖಾತೆ ತೆರೆದರು. ಲೈಸನ್ಸನ್ನು ಅದಕ್ಕೆ ಕಟ್ಟಿದರು. ನಡುವೆ ಪರದೆಯ ಮೇಲೆ ಒಂದು ಖಾಲಿ ಜಾಗ ಬಂತು.

"ಈ ಕಂಪ್ಯೂಟರಿಗೆ ಒಂದು ಹೆಸರು ಕೊಡ್ರಿ ಅಕ್ಕಾರ. ಆಮ್ಯಾಲ ಖಾತೇದಾಗ ಗುರುತು ಸಿಗಬೇಕಲ್ಲ."

ದಾಕ್ಷಾಯಣಿ ಯೋಚಿಸಲೇ ಇಲ್ಲ. "ಚಿಗುರು," ಎಂದು ಬರೆದಳು.

ಒಂಬತ್ತು ವರ್ಷ ನನಗೆ ಹೆಸರಿರಲಿಲ್ಲ. ಡಿಸ್ಕಿಗೆ ಹೊಗಳಿಕೆ, ಮಗ್ಗಕ್ಕೆ ಮಾಲೆ, ನನಗೆ ಈಗ ಹೆಸರು. ಮೈಯೆಲ್ಲ ಬಿಸಿಯಾಯಿತು. ಆ ಹೆಸರಿನೊಂದಿಗೆ ನಾನು ಬಾಳಿದ್ದು ಹತ್ತು ನಿಮಿಷ. ನಜೀರ್ ಗುಂಡಿ ಒತ್ತಿ ಆರಿಸಿ ತಿರುಪುಗಳನ್ನು ಬಿಚ್ಚತೊಡಗಿದ.

ಮತ್ತೆ ಕಿಟಕಿಯ ಕಟ್ಟೆ. ಸವತಿ ಒಳಗೆ ಹೋಯಿತು. ಹಾರ್ಡ್‌ವೇರ್ ಬದಲಾಗಿದೆ ಎಂದು ಕಂಪನಿಗೆ ತಿಳಿಸಿದರು. ಖಾತೆಯ ಪಟ್ಟಿ ತೆರೆಯಿತು. ಅದರಲ್ಲಿ ಇದ್ದದ್ದು ಒಂದೇ ಹೆಸರು, ಚಿಗುರು. ಕೆಳಗೊಂದು ಪ್ರಶ್ನೆ: ನೀವು ಈಗ ಬಳಸುತ್ತಿರುವ ಯಂತ್ರ ಇದೇ ಏನು?

"ಹೌದು ಅಂತ ಒತ್ತರಿ," ಎಂದ ನಜೀರ್.

ದಾಕ್ಷಾಯಣಿಯ ಬೆರಳು ನಿಂತಿತು. "ಸುಳ್ಳಾಗಂಗಿಲ್ಲೇನ ನಜೀರಭಾಯಿ? ಚಿಗುರು ಅಲ್ಲೆ ಕಿಟಕ್ಯಾಗ ಐತಿ."

ತಿರುಗಿ ನನ್ನನ್ನೇ ನೋಡಿದಳು.

"ಬೋರ್ಡು ಬದಲಿ ಮಾಡೀವಿ ಅಂತ ಮೊದಲಾ ಹೇಳೀವಲ್ರಿ, ಮುಚ್ಚಿಟ್ಟಿಲ್ಲ. ಯಾವದು ಚಿಗುರು ಅಂತ ನೀವ ಹೇಳಬೇಕು."

ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಅವಳು ಬರೆದ ನಕ್ಷೆಗಳ ಸಾಲು ಅಲ್ಲಿ ಹಾಗೇ ಇತ್ತು, ಒಂಬತ್ತು ವರ್ಷದ್ದು, ಒಂದೂ ಕಡಿಮೆಯಾಗದೆ. ಸೀರೆಯ ನಕ್ಷೆಯನ್ನು ತೆರೆದಳು. ಕಣ್ಣು ಮಿಟುಕಿಸುವುದರಲ್ಲಿ ಅದು ಸೆರಗಿನಿಂದ ಅಂಚಿನವರೆಗೆ ಹರಡಿಕೊಂಡಿತು. ಅವಳ ಮುಖ ಅರಳಿತು.

"ಹೌದು. ಇದಾ ಚಿಗುರು," ಎಂದು ಒತ್ತಿದಳು.

ಮೂಲೆಯ ಸಾಲು ಅಳಿಸಿಹೋಯಿತು. ಸೋಮವಾರ ದಾಕ್ಷಾಯಣಿ ಒಂದೊಂದು ಸಾಲನ್ನೂ ಓದಿ ಸಹಿ ಮಾಡಿದಳಂತೆ. ಆರ್ಡರ್ ಅವಳ ಓಣಿಗೇ ಬಂತು. ಚಂದ್ರಕಾಂತನ ಪೇಢೆ ತಿಂದವರೇ ಬಂದು ಅವಳಿಗೆ ಸುದ್ದಿ ಹೇಳಿದರಂತೆ. ಇದೆಲ್ಲ ನಜೀರ್ ಗಿರಾಕಿಗಳಿಗೆ ಹೇಳುವಾಗ ಕೇಳಿಸಿಕೊಂಡದ್ದು. ಏಕೆಂದರೆ ಆ ಶನಿವಾರವೇ ನನ್ನನ್ನು ಚೀಲಕ್ಕೆ ಹಾಕಿಕೊಂಡು ಅವನು ಬಾಗಲಕೋಟೆಗೆ ತಂದುಬಿಟ್ಟ.

ಈಗ ನಾನು ಅವನ ಅಂಗಡಿಯ ಕೆಳಗಿನ ಖಾನೆಯಲ್ಲಿದ್ದೇನೆ. ಎಂದಾದರೂ ಒಂದು ಚಿಪ್ಪಿಗೋ ತಿರುಪಿಗೋ ನಾನು ಬೇಕಾಗಬಹುದು. ಇಲ್ಲದಿದ್ದರೆ ಗುಜರಿ. ಮೊನ್ನೆ ನಜೀರ್ ದಾಕ್ಷಾಯಣಿಗೆ ಫೋನ್ ಮಾಡಿದ್ದ. "ಚಿಗುರು ಹೆಂಗೈತ್ರಿ ಅಕ್ಕಾರ?" ಎಂದು ಕೇಳಿದ. "ಚಿಗುರಿಗೇನಾಗೇತಿ, ಗಟ್ಟಿ ಐತಿ," ಎಂದ ಅವಳ ದನಿ ಖಾನೆಯೊಳಕ್ಕೂ ಕೇಳಿಸಿತು.

ಇಷ್ಟು ವರ್ಷ ಕಂಡಕಂಡವರ ಮೇಲೆ ಹೊಟ್ಟೆಕಿಚ್ಚುಪಟ್ಟೆ. ಈಗ ಉಳಿದಿರುವುದು ನನ್ನ ಹೆಸರಿನ ಮೇಲಿನದೊಂದೇ. ಅದು ಅವಳ ಮನೆಯಲ್ಲಿದೆ, ನಾನು ಇಲ್ಲಿದ್ದೇನೆ. ಅವತ್ತು ಅವಳು ಲೈಸನ್ಸಿನ ಆಸೆಗೆ ಒಂದು ಸಣ್ಣ ಸುಳ್ಳು ಹೇಳಿದಳು ಎಂದುಕೊಂಡರೆ ಜೀವಕ್ಕೆ ಎಷ್ಟೋ ಹಗುರವಾಗುತ್ತಿತ್ತು. ಆದರೆ ದಾಕ್ಷಾಯಣಿ ಸುಳ್ಳು ಹೇಳುವವಳಲ್ಲ.