ಒಂಬತ್ತು ನಿಮಿಷದ ಬಿಸ್ಕತ್ತು

ಹತ್ತು ವರ್ಷದ ಹಿಂದೆ, ಮೊಣಕೈವರೆಗೆ ಮೈದಾ ಮೆತ್ತಿಕೊಂಡು ನಿಂತಿದ್ದಾಗ, ಸೊಸೆ ಅತ್ತೆಗೆ ಒಂದು ಮಾತು ಕೊಟ್ಟಿದ್ದಳು. ಈ ಮನೆಯ ಬಿಸ್ಕತ್ತು ಯಾಕೆ ಮೆತ್ತಗಿರುತ್ತದೆ ಎಂಬುದನ್ನು ಯಾರಿಗೂ, ಅಂದರೆ ಯಾರಿಗೂ, ಹೇಳುವುದಿಲ್ಲ ಎಂದು.

ಮಾವ ದರ್ಜಿ. ದಾರ ಕಡಿಯುವುದಕ್ಕೆ ಯಾವತ್ತೂ ಕತ್ತರಿ ಹಿಡಿದವರಲ್ಲ, ಟಕ್ ಎಂದು ಹಲ್ಲಿನಲ್ಲೇ ಕಡಿಯುತ್ತಿದ್ದರು. ಪೇಟೆಯವರಿಗೆಲ್ಲ ಅವರು 'ಟಕ್ ಮಾಸ್ತರು'. ವಯಸ್ಸು ಅರವತ್ತು ಮುಟ್ಟುವಷ್ಟರಲ್ಲಿ ಹಲ್ಲುಗಳು ಒಂದೊಂದಾಗಿ ಕೈಕೊಟ್ಟವು. ಕಟ್ಟಿಸಿಕೊಂಡ ಸೆಟ್ಟು ಯಾರದೋ ಮನೆಯಲ್ಲಿ, ಹತ್ತು ಜನರೆದುರಿಗೆ, ಗಟ್ಟಿ ಬಿಸ್ಕತ್ತೊಂದನ್ನು ಕಚ್ಚಿದ ಕೂಡಲೇ ಜಾರಿ ತಟ್ಟೆಗೆ ಬಿತ್ತು. ಯಾರೋ ಕಿಸಕ್ಕನೆ ನಕ್ಕರು. ಮಾಸ್ತರು ಒಂದು ತಿಂಗಳು ಅಂಗಡಿಯ ಬಾಗಿಲು ತೆಗೆಯಲಿಲ್ಲ.

ಅತ್ತೆ ಬಿಸ್ಕತ್ತಿನ ಹದ ಬದಲಿಸಿದ್ದು ಆಗ. ಶುಂಠಿ, ದಾಲ್ಚಿನ್ನಿ, ಲವಂಗ, ಚೂರು ಜಾಯಿಕಾಯಿ ಎಲ್ಲ ಮೊದಲಿನಷ್ಟೇ. ಆದರೆ ಅಂಚು ಕಟ್ಟಿಕೊಂಡು, ನಡು ಇನ್ನೂ ಹಸಿಹಸಿಯಾಗಿ ಕಾಣುವಾಗಲೇ ಟ್ರೇ ಹೊರಗೆ. ಸರಿಯಾಗಿ ಒಂಬತ್ತು ನಿಮಿಷ. ಮಿಕ್ಕಿದ್ದನ್ನು ಟ್ರೇಯ ಬಿಸಿಯೇ ನೋಡಿಕೊಳ್ಳುತ್ತದೆ.

"ಅವರಿಗೋಸ್ಕರ ಮೆತ್ತಗೆ ಮಾಡ್ತೀನಿ ಅಂತ ಗೊತ್ತಾದ್ರೆ ಆ ಮನುಷ್ಯ ಕೈಯಲ್ಲೂ ಮುಟ್ಟಲ್ಲ," ಎಂದಿದ್ದರು ಅತ್ತೆ. "ನನ್ನ ಕೈಗೆ ಬರಲ್ಲ ಅಂದ್ಕೊಂಡ್ರೆ ಬೈಕೊಂಡು ನಾಲ್ಕು ತಿಂತಾರೆ. ಬೈಲಿ ಬಿಡು, ಹೊಟ್ಟೆಗೆ ಹೋದ್ರೆ ಸಾಕು. ಒಬ್ಬರ ಕಿವಿಗೆ ಬಿದ್ರೂ ಅದು ಊರೆಲ್ಲ ಸುತ್ಕೊಂಡು ಅವರ ಹತ್ರಾನೇ ಬರತ್ತೆ. ನಿನ್ನ ಗಂಡನಿಗೂ ಹೇಳ್ಬೇಡ."

ಅತ್ತೆ ಹೋಗಿ ನಾಲ್ಕು ವರ್ಷವಾಯಿತು. ಓವನ್ನಿನ ಜೊತೆಗೆ ಬೈಗುಳವೂ ಸೊಸೆಯ ಪಾಲಿಗೆ ಬಂತು.

"ಏನಮ್ಮ, ಇದನ್ನ ಬಿಸ್ಕತ್ತು ಅಂತಾರಾ, ದಿಂಬು ಅಂತಾರಾ?" ಎನ್ನುತ್ತಿದ್ದರು ಮಾವ, ಮೂರನೆಯದಕ್ಕೆ ಕೈ ಹಾಕುತ್ತ. "ಕಚ್ಚಿದ್ರೆ ಕಟುಂ ಅನ್ಬೇಕು. ನಿಮ್ಮತ್ತೆಗೂ ಬರ್ಲಿಲ್ಲ, ನಿನಗೂ ಬರ್ಲಿಲ್ಲ."

"ಓವನ್ ಹಳೇದು ಮಾವ," ಎನ್ನುತ್ತಿದ್ದಳು ಸೊಸೆ.

ಹನ್ನೊಂದು ವರ್ಷದ ಮಗಳಿಗೆ ಮಾತ್ರ ಇದನ್ನು ಕೇಳಿ ಕೇಳಿ ಮೈಯೆಲ್ಲ ಉರಿಯುತ್ತಿತ್ತು.

ಆ ಭಾನುವಾರ ನಾಲ್ಕು ಗಂಟೆಗೆ ಮಾವನ ಹಳೆಯ ಜೊತೆಗಾರರಿಬ್ಬರು ಮನೆಗೆ ಬರುವವರಿದ್ದರು. ಒಬ್ಬರು ಕಟಿಂಗ್ ಮಾಸ್ತರು, ಇನ್ನೊಬ್ಬರು ಗುಂಡಿಯ ಕಾಜಾ ಹೊಲಿಯುವವರು. ಮಾವ ಬೆಳಿಗ್ಗೆಯೇ ಇಸ್ತ್ರಿಯ ಅಂಗಿ ತೊಟ್ಟು ಕೂತಿದ್ದರು. ಗಂಡ ಬಸ್ ಡ್ರೈವರ್, ಭಾನುವಾರ ಅವನಿಗೆ ಎರಡು ಪಾಳಿ. ಸೊಸೆಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂರರವರೆಗೆ ಕೆಲಸ. ಹೊರಡುವ ಮುಂಚೆ ಹಿಟ್ಟು ಕಲಸಿ ಫ್ರಿಜ್ಜಿನಲ್ಲಿಟ್ಟಿದ್ದಳು. ಬಂದ ಮೇಲೆ ಉಂಡೆ ಕಟ್ಟಿ ಬೇಯಿಸಿದರಾಯಿತು ಎಂದು.

ಇನ್ನೂರು ಚಾದರಕ್ಕೆ ಇಸ್ತ್ರಿ ಹಾಕಿದ ತೋಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುವಾಗಲೇ ಲವಂಗದ ಘಾಟು ಮೂಗಿಗೆ ಬಡಿಯಿತು. ಅಡುಗೆಮನೆಯಲ್ಲಿ ಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಟ್ರೇಯಲ್ಲಿ ಹದಿನಾರು ಬಿಸ್ಕತ್ತು, ಹೆಂಚಿನ ಬಣ್ಣ.

"ಕೇಳು," ಎಂದು ಒಂದನ್ನು ಎತ್ತಿ ಮುರಿದಳು. ಕಟುಂ.

ಸೊಸೆ ಚೀಲವನ್ನು ಬಾಗಿಲಲ್ಲೇ ಇಳಿಸಿ ಟ್ರೇಯ ಹತ್ತಿರ ಬಂದಳು.

"ಹದಿನಾರು ನಿಮಿಷ ಇಟ್ಟೆ. ನಿನಗೂ ಅಜ್ಜಿಗೂ ಇಷ್ಟು ವರ್ಷ ಗೊತ್ತಾಗ್ಲಿಲ್ಲ ನೋಡು, ಇನ್ನು ಸ್ವಲ್ಪ ಬಿಡ್ಬೇಕಿತ್ತು ಅಷ್ಟೇ. ಆ ತಾತಂದಿರ ಮುಂದೆ ಅಜ್ಜನ ಕೈಗೆ ನಾನೇ ಕೊಡ್ತೀನಿ. ಇನ್ನೊಂದು ಸಲ ದಿಂಬು ಅನ್ಲಿ, ನೋಡ್ತೀನಿ."

"ಇವು ಬೇಡ ಪುಟ್ಟಿ. ಉಳಿದ ಹಿಟ್ಟಲ್ಲಿ ಬೇರೆ ಮಾಡೋಣ."

"ಯಾಕೆ?"

"ಜಾಸ್ತಿ ಬೆಂದಿದೆ."

"ಎಲ್ಲಿ ಬೆಂದಿದೆ? ತಿಂದು ನೋಡು."

ತಿಂದು ನೋಡಿದಳು. ಅಂಗಡಿಯಲ್ಲೂ ಇಂಥದ್ದು ಸಿಗುವುದಿಲ್ಲ. ಅದೇ ಕಷ್ಟ.

"ಬೇಡ ಅಂದ್ರೆ ಬೇಡ ಕಣೇ. ಮೇಲೆ ಎತ್ತಿಡು."

ಮಗಳ ಮುಖ ಸಣ್ಣಗಾಯಿತು. "ನಿನಗೆ ಬರ್ದೇ ಇದ್ದಿದ್ದು ನನಗೆ ಬಂತು ಅಂತ ಹೊಟ್ಟೆಕಿಚ್ಚು ನಿನಗೆ," ಎಂದಳು. ಅಷ್ಟು ಹೇಳಿದ್ದೇ ತಟ್ಟೆಗೆ ಬಿಸ್ಕತ್ತು ಜೋಡಿಸತೊಡಗಿದಳು. ಹೊರಗಿನ ಕೋಣೆಯಿಂದ ಮಾವ ಕುರ್ಚಿಗಳನ್ನು ಎಳೆದೆಳೆದು ಹಾಕುವ ಸದ್ದು ಕೇಳುತ್ತಿತ್ತು.

ಸೊಸೆ ಗಡಿಯಾರ ನೋಡಿದಳು. ತಟ್ಟೆ ಕಸಿದುಕೊಳ್ಳಬಹುದಿತ್ತು. ಕಸಿದರೆ ಮಗಳು ಅಳುತ್ತಾಳೆ, ಅಳು ಕೇಳಿ ಮಾವ ಬರುತ್ತಾರೆ, ಮೊಮ್ಮಗಳ ಕಣ್ಣೀರು ಒರೆಸುವುದಕ್ಕೆಂದೇ ಒಂದನ್ನೆತ್ತಿ ಕಚ್ಚುತ್ತಾರೆ. ಕಚ್ಚದೆ ಇರುವ ಮನುಷ್ಯರಲ್ಲ ಅವರು. ಬಾಗಿಲು ಮುಚ್ಚಿ, ಮಗಳನ್ನು ಹಿಟ್ಟಿನ ಡಬ್ಬದ ಮೇಲೆ ಕೂರಿಸಿ, ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು.

"ಅಜ್ಜನ ಹಲ್ಲು ಕಟ್ಟಿಸಿದ್ದು ಗೊತ್ತಲ್ಲ ನಿನಗೆ?"

"ಗೊತ್ತು. ರಾತ್ರಿ ಲೋಟದಲ್ಲಿ ಇಡ್ತಾರಲ್ಲ."

ಆಮೇಲೆ ಎಲ್ಲವನ್ನೂ ಹೇಳಿದಳು. ತಟ್ಟೆಗೆ ಬಿದ್ದದ್ದು, ನಕ್ಕದ್ದು, ಮುಚ್ಚಿದ ಅಂಗಡಿ, ಒಂಬತ್ತು ನಿಮಿಷ. ಮಗಳು ಉಗುರಿನಿಂದ ಡಬ್ಬದ ಅಂಚು ಕೆರೆಯುತ್ತ ಕೇಳಿದಳು.

"ಮತ್ತೆ ಅಜ್ಜಿಗೆ ಗರಿಗರಿ ಮಾಡಕ್ಕೆ ಬರ್ತಿತ್ತಾ?"

"ಎದುರುಮನೆಯವರಿಗೆಲ್ಲ ಕದ್ದು ಮಾಡ್ಕೊಡ್ತಿದ್ರು."

"ಅಷ್ಟು ವರ್ಷ ಬೈಸ್ಕೊಂಡ್ರಾ?"

"ಹ್ಞೂಂ. ಬೈಸ್ಕೊಂಡು, ಒಳಗೆ ಬಂದು ನಗ್ತಿದ್ರು."

ಮಗಳು ಎದ್ದಳು. ಫ್ರಿಜ್ಜಿನಿಂದ ಉಳಿದ ಹಿಟ್ಟು ತೆಗೆದಳು. ಇಬ್ಬರೂ ಉಂಡೆ ಕಟ್ಟಿ, ಸಕ್ಕರೆಯಲ್ಲಿ ಹೊರಳಿಸಿ, ಅಂಗೈಯಲ್ಲಿ ಒತ್ತಿ ಟ್ರೇಗಿಟ್ಟರು. ಓವನ್ನಿನ ಗಾಜಿನೆದುರು ಬಗ್ಗಿ ನಿಂತ ಮಗಳು ಎಂಟು ನಿಮಿಷಕ್ಕೇ ಚಡಪಡಿಸಿದಳು. "ತೆಗೀಲಾ? ಇನ್ನೂ ಹಸಿ ಇದ್ದಂಗಿದೆ."

"ಹಸಿ ಅನ್ನಿಸ್ಬೇಕು. ಇನ್ನೊಂದು ನಿಮಿಷ. ಹ್ಞಾಂ, ಈಗ."

ಗಟ್ಟಿ ಬಿಸ್ಕತ್ತುಗಳು ಲಾಂಡ್ರಿಯ ಹೆಂಗಸರಿಗೆಂದು ಊಟದ ಚೀಲ ಸೇರಿದವು.

ನಾಲ್ಕೂಕಾಲಿಗೆ ಮಗಳೇ ತಟ್ಟೆ ಹಿಡಿದು ಹೊರಗೆ ಹೋದಳು. ಸೊಸೆ ಚಹಾದ ಲೋಟಗಳೊಂದಿಗೆ ಹಿಂದೆ ನಿಂತಳು.

"ಇವತ್ತು ಮೊಮ್ಮಗಳ ಕೈರುಚಿ," ಎಂದು ಮಾವ ಜೊತೆಗಾರರಿಗೆ ಹೇಳಿ ಒಂದನ್ನೆತ್ತಿ ಕಚ್ಚಿದರು. ಸದ್ದಿಲ್ಲದೆ ಕರಗಿತು. "ತಗೋ, ಇವಳದ್ದೂ ಮುಗೀತು. ಅಜ್ಜಿ ದಿಂಬು, ಅಮ್ಮ ದಿಂಬು, ಇವಳು ಹಾಸಿಗೇನೇ ಮಾಡಿದ್ದಾಳೆ."

ಮಗಳು ಅಜ್ಜನ ಮುಖವನ್ನೇ ನೋಡುತ್ತಿದ್ದಳು.

"ನನಗೂ ಬರ್ಲಿಲ್ಲ ಅಜ್ಜ," ಎಂದಳು.

"ಹೋಗ್ಲಿ ಬಿಡು ಕಂದ, ರುಚಿಯಾಗೇನೋ ಇದೆ," ಎಂದರು ಕಟಿಂಗ್ ಮಾಸ್ತರು, ಎರಡನ್ನು ಒಟ್ಟಿಗೆ ಎತ್ತಿಕೊಳ್ಳುತ್ತ.

"ನೀನು ಸುಮ್ನಿರಯ್ಯ, ನಮ್ಮ ಮನೆ ಮಗುವನ್ನ ಬೈಯೋ ಹಕ್ಕು ನನ್ನದು," ಎಂದು ಮಾವ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಬೈಯುತ್ತ ಬೈಯುತ್ತ ಐದು ತಿಂದರು.

ಅತ್ತೆಗೆ ಕೊಟ್ಟಿದ್ದ ಮಾತನ್ನು ಸೊಸೆ ಆ ಭಾನುವಾರ ಮೂರೂವರೆಗೆ ಮುರಿದಳು.