ಎರಡನೇ ಬಾಟ್ಲಿ

ಸೇವಂತಿಗಿ ಯಾರೂ ಒಂದ್ ಮಾತ್ ಅನಬ್ಯಾಡ್ರಿ. ಅನ್ನೋದಿದ್ರ ನಾ ಅಂತೀನಿ. ಹನುಮವ್ವನ ಬಾಯಿ ಧಾರಾವಿಗೆಲ್ಲ ಗೊತ್ತದ, ನಳದ ಮುಂದ ನನ್ನ ಕೊಡ ಸರಿಸಿದವರ ಅಪ್ಪನ ಮಟ ಬೈದಾಕಿ ನಾ. ಆದ್ರ ಸೇವಂತಿ ಕೆಟ್ಟ ಮನಸಿನಿಂದ ಏನೂ ಮಾಡಿಲ್ಲ. ಬಾಜೂ ಮನಿ ಹೆಣ್ಣಮಗಳು, ನನಗ ಆಯಿ ಆಯಿ ಅಂತಾಳ.

ಮೊದಲ ನಿಮೋನಿಯಾ ಬಂದಿದ್ದು ಅಕಿ ಕೂಸಿಗೇ. ದೊಡ್ಡ ದವಾಖಾನಿದಾಗ ಆವಾಗ ಅಂಥ ಕೂಸುಗಳ ಮ್ಯಾಲ ಒಂದು ಸ್ಟಡಿ ನಡದಿತ್ತು. ಔಷಧ ಎಷ್ಟು ದಿನ ಕೊಟ್ರ ಸಾಕು ಅಂತ ನೋಡೋದಂತ. ಸೇವಂತಿ ಹೆಬ್ಬಟ್ಟು ಒತ್ತಿ ಕೂಸಿನ ಹೆಸರು ಹಚ್ಚಿದಳು. ಎರಡು ಬಾಟ್ಲಿ ಕೊಟ್ಟು ಕಳಿಸಿದ್ರು. ಒಂದು ಮುಗಿದ ಮ್ಯಾಲ ಇನ್ನೊಂದು ಚಾಲೂ ಮಾಡಬೇಕು.

ದವಾಖಾನಿಯಿಂದ ನಿಖಿತಾ ಅಂತ ಒಂದು ಹುಡುಗಿ ಮನಿಗಿ ಬಂದು ತಿಳಿಸಿ ಹೇಳ್ತಿದ್ದಳು. ಉಡುಪಿ ಮಂದಿ, ಆದ್ರ ಹುಟ್ಟಿ ಬೆಳದಿದ್ದು ಇಲ್ಲೇ ಮುಂಬೈದಾಗ, ಮಾಟುಂಗದ ಕಡಿ. ಕನ್ನಡ ಬರ್ತದ ಅಂತ ಅಕಿಗಿ ನಮ್ಮ ಗಲ್ಲಿಗಿ ಹಾಕಿದ್ರು. ಅಯ್ಯ, ಎಂಥ ಕನ್ನಡ! ಒಂದು ಮಾತಿಗಿ ಮೂರು ಕಡಿ ಎಡವತಿತ್ತು. "ಆಂಟಿ, ಸೆಕೆಂಡ್ ಬಾಟ್ಲಿಯಲ್ಲಿ ಮೆಡಿಸಿನ್ ಇರಬಹುದು, ಇಲ್ಲದೇ ಸಹ ಇರಬಹುದು. ಯಾರಿಗೆ ಯಾವುದು ಅಂತ ನಮಗೆ ಸಹ ಗೊತ್ತಿಲ್ಲ," ಅಂದಳು. ನಾನೂ ಅಲ್ಲೇ ಕುಂತಿದ್ದೆ. ಪಾಪ, ಪೋರಿ ಏನೋ ಹೇಳ್ಲಿಕ್ಕಿ ಹೋಗಿ ಏನೋ ಹೇಳ್ತದ ಅಂತ ಅಕಿ ಹೋದ ಮ್ಯಾಲ ಇಬ್ಬರೂ ಹೊಟ್ಟಿ ಹಿಡಕೊಂಡು ನಕ್ಕಿವಿ. ಔಷಧ ಇಲ್ಲದ ಬಾಟ್ಲಿ ಯಾವ ದವಾಖಾನಿಯವರು ಕೊಡ್ತಾರ, ನೀವೇ ಹೇಳ್ರಿ.

ಮೊದಲನೇ ಬಾಟ್ಲಿಗೇ ಅಕಿ ಕೂಸು ಆರಾಮಾಗಿ ಅಂಬೆಗಾಲು ಇಡ್ಲತ್ತು. ಅದೇ ಹೊತ್ತಿಗಿ ನನ್ನ ಮೊಮ್ಮಗ ಶಿವಪುತ್ರಗ ಕೆಮ್ಮು ಸುರುವಾಯ್ತು, ಮೈ ಕಾದ ಹಂಚಿನಂಗ. ಸೇವಂತಿ ಓಡಿ ಬಂದು ಎರಡನೇ ಬಾಟ್ಲಿ ನನ್ನ ಕೈಯಾಗ ಇಟ್ಟಳು. "ಆಯಿ, ನಮ್ಮ ಕೂಸಿಗಿ ಇನ್ನ ಇದು ಬೇಕಾಗಿಲ್ಲ. ಶಿವಪುತ್ರಗ ಹಾಕು," ಅಂದಳು. ನಮ್ಮ ಗಲ್ಲಿದಾಗ ಒಂದು ಮನ್ಯಾಗ ಕುದ್ದ ಸಾರು ನಾಕು ಮನ್ಯಾಗ ಉಣ್ತಾರ. ಔಷಧನೂ ಹಂಗೇ. ಉಳಿದ ಗುಳಗಿ ಚೆಲ್ಲಿದಾಕಿಗಿ ಇಲ್ಲಿ ಹುಚ್ಚಿ ಅಂತಾರ. ನಾ ಒಂದು ಹನಿ ನೆಕ್ಕಿ ನೋಡಿದೆ. ಮೊದಲನೇದರ ಬಣ್ಣನೇ, ಮೊದಲನೇದರ ಸಿಹಿನೇ.

ಮರುದಿನ ಮಗ ಸಾಯಬಣ್ಣ ಕೂಸಿನ ಎದಿ ಮ್ಯಾಲ ಕೈ ಇಟ್ಟು ಕುಂತ. "ಯವ್ವಾ, ಇದರ ಉಸಿರು ನನಗ್ಯಾಕೋ ಛಲೋ ಕಾಣವಲ್ದು. ಇವತ್ತ ಕಾರ್ಖಾನಿಗಿ ಹೋಗಂಗಿಲ್ಲ, ದವಾಖಾನಿಗಿ ಒಯ್ತೀನಿ," ಅಂದ.

"ದವಾಖಾನಿ ಔಷಧನೇ ಮನ್ಯಾಗ ಕುಂತದ. ದಿನಪೂರ್ತಿ ಪಾಳಿದಾಗ ನಿಂತು ಮತ್ತ ಅದೇ ತರಾಂವ ಏನು? ಭಾಳ ಶ್ಯಾಣ್ಯಾ ಆಗಬ್ಯಾಡ, ನಡಿ ಕೆಲಸಕ್ಕ," ಅಂತ ಒದರಿದೆ. ಸೊಸಿ ರಂಜನಾ ನನ್ನ ಮಾರಿ ನೋಡಿ ಕೂಸಿಗಿ ತನ್ನ ಮಡಿಲಿಗಿ ಎಳಕೊಂಡಳು. ಸಾಯಬಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದ.

ನಾ ಹೊತ್ತಿಗಿ ಸರಿಯಾಗಿ ಹಾಕೀನ್ರಿ, ಒಂದು ಚಮಚಾ ತಪ್ಪಿಸಿಲ್ಲ. ಮುಂದಿನ ಮುಂಜಾನಿ ಕೂಸು ಮೊಲಿ ಬಾಯಾಗ ತೊಗೊಳ್ಳಲಿಲ್ಲ. ಉಸಿರಿಗೊಮ್ಮೆ ಪಕ್ಕಿ ಎಲುಬು ಒಳಗ ಜಗ್ಗಲತ್ತಿದ್ವು, ತುಟಿ ನೀಲಿ ಆಗಿದ್ವು. ಎತಗೊಂಡು ಓಡಿದೆವು.

ಡಾಕ್ಟರಬಾಯಿ ಮೂಗಿಗಿ ಆಕ್ಸಿಜನ್ ಹಚ್ಚಿ, ಮನ್ಯಾಗ ಏನು ಕೊಟ್ಟೀರಿ ಅಂತ ಹಿಂದಿದಾಗ ಕೇಳಿದಳು. ನಾ ಜಂಬದಿಂದ ಬಾಟ್ಲಿ ಮುಂದ ಇಟ್ಟೆ. ನಿಮ್ಮದೇ ಔಷಧ ಬಾಯಿ, ಅಂದೆ. ಅಕಿ ಬಾಟ್ಲಿ ಮ್ಯಾಲಿನ ನಂಬರ್ ನೋಡಿದಳು. ಯಾರಿಗೋ ಫೋನ್ ಹಚ್ಚಿ ನಂಬರ್ ಓದಿದಳು, ಆ ಕಡಿ ಹೇಳಿದ್ದು ಕೇಳಿ ಹಣಿ ಹಿಡಕೊಂಡಳು. ನಿಖಿತಾಗ ಕರಿಸಿದ್ರು.

"ಅಜ್ಜಿ, ಇದರಲ್ಲಿ ಮೆಡಿಸಿನ್ ಇಲ್ಲ. ಸಕ್ಕರೆ ನೀರು," ಅಂದಳು ಆ ಹುಡುಗಿ. ಈ ಸಲ ಒಂದು ಅಕ್ಷರಾನೂ ಎಡವಲಿಲ್ಲ.

"ಒಂದು ದಿನ ಮೊದಲು ತಂದಿದ್ರ..." ಅಂತ ಡಾಕ್ಟರಬಾಯಿ ಅರ್ಧಕ್ಕ ಬಿಟ್ಟಳು. ಸಾಯಬಣ್ಣ ಗ್ವಾಡಿಗಿ ಆತು ನಿಂತಿದ್ದ. ನನ್ನ ಕಡಿ ನೋಡಲಿಲ್ಲ. ಬೈಯೋ ನಮ್ಮಪ್ಪಾ, ಒಂದು ಏಟು ಹೊಡಿ ಅಂತ ಬಾಯಿ ತನಕ ಬಂತು.

ಮಧ್ಯಾಹ್ನಕ್ಕ ಶಿವಪುತ್ರ ಹೋದ. ರಂಜನಾ ಅಳೋದು ಇಡೀ ವಾರ್ಡಿಗಿ ಕೇಳಿಸ್ತು.

ನಾ ನಿಖಿತಾನ ತೋಳು ಹಿಡಕೊಂಡೆ. "ಔಷಧ ಇಲ್ಲದ್ದು ಯಾಕ ಕೊಟ್ರಿ? ಅದೇ ಬಣ್ಣ, ಅದೇ ರುಚಿ ಮಾಡಿ ಯಾಕ ಕೊಟ್ರಿ? ನಮ್ಮ ಗಲ್ಲಿ ನೀ ನೋಡಿಲ್ಲೇನು? ಅಲ್ಲಿ ಒಂದು ಮನಿಗಿ ಕೊಟ್ಟಿದ್ದು ಒಂದೇ ಮನ್ಯಾಗ ಉಳಿತದೇನು?" ಅಕಿ ಕಣ್ಣಾಗ ನೀರು ಬಂದ್ವು. ಕಮ್ಮಿ ದಿನದ ಔಷಧ ಸಾಕು ಅಂತ ಗೊತ್ತಾದ್ರ ಮುಂದ ಎಷ್ಟೋ ಮಕ್ಕಳಿಗಿ ಛಲೋ ಆಗ್ತದ ಅಂತ ಏನೇನೋ ಅಂದಳು. ಆಮ್ಯಾಲ ಸಣ್ಣ ದನಿದಾಗ, "ಈ ಬಾಟ್ಲಿ ನಾವು ವಾಪಸ್ ತಗೊಳ್ಬೇಕು ಅಜ್ಜಿ," ಅಂದಳು.

"ಸೇವಂತಿ ಕೂಸಿಂದು ಏನಂತ ಬರೀತಿ?"

"ಗುಣ ಆಯ್ತು ಅಂತ."

"ನಮ್ಮ ಶಿವಪುತ್ರಂದು?"

ಅಕಿ ಬಾಟ್ಲಿ ತನ್ನ ಚೀಲದಾಗ ಇಟ್ಟುಕೊಂಡಳು. "ಅವನು ನಮ್ಮ ಸ್ಟಡಿಯಲ್ಲಿ ಇಲ್ಲ ಅಜ್ಜಿ," ಅಂದಳು.

"ಖರೇ ಅದ ತಂಗಿ," ಅಂದೆ. "ಅಂವ ಇನ್ನ ಎಲ್ಲೂ ಇಲ್ಲ."