ಮೂರು ಬೆರಳು ತಗ್ಗು

ಮೇಸ್ತ್ರಿ ಮಂಡಿಯೂರಿ ಮಂಚದ ಹಿಂಗಾಲಿನ ಕೆಳಗೆ ಇಟ್ಟಿಗೆಯ ಚೂರೊಂದನ್ನು ತುರುಕುತ್ತಿದ್ದ. ಬೆಳಗಿನಿಂದ ಮೂರು ಸಲ ಭಾವನ ತಲೆ ದಿಂಬಿನ ಮೇಲೆ ಎಡಕ್ಕೆ ಹೊರಳಿತ್ತು. ಮೂರು ಸಲವೂ ಅಕ್ಕ ಬಂದು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನೇರ ಮಾಡಿದ್ದಳು. ನಾಲ್ಕನೆಯ ಸಲ ಅವಳು ತಮ್ಮನ ಮುಖ ನೋಡಿದಳು. ಮೂವತ್ತು ವರ್ಷ ಗೋಡೆ ಕಟ್ಟಿದವನು ಒಂದು ಮಂಚ ಮಟ್ಟ ಮಾಡುವುದಕ್ಕೂ ಹೇಳಿಸಿಕೊಳ್ಳಬೇಕೆ?

"ಇನ್ನೊಂದು ಚೂರು ಏರಿಸು," ಎಂದಳು.

ಮಂಚದಲ್ಲಿ ದೋಷವೇನೂ ಇರಲಿಲ್ಲ. ವಾಲಿದ್ದು ನೆಲ. ಹಿತ್ತಲಿನ ಈ ಶೆಡ್ಡನ್ನು ಹನ್ನೊಂದು ವರ್ಷದ ಹಿಂದೆ ಭಾವ ತಾವೇ ಕಟ್ಟಿದ್ದರು. ನಾಲ್ಕು ಮರದ ಕಂಬ, ಮೇಲೆ ತಗಡು, ಕೆಳಗೆ ಸಿಮೆಂಟಿನ ನೆಲ. ಮನೆಯ ಮುಂದಿನ ಕೋಣೆಯಲ್ಲಿ ಹತ್ತು ಜನ ನಿಂತರೆ ಹನ್ನೊಂದನೆಯವನು ಉಸಿರು ಬಿಡಲು ಬೀದಿಗೆ ಹೋಗಬೇಕು. ಅದಕ್ಕೇ ದೇಹವನ್ನು ಇಲ್ಲಿ ತಂದು ಮಲಗಿಸಿದ್ದರು. ಶೆಡ್ಡಿನ ಹಿಂದಿನ ಎಡ ಮೂಲೆ ಉಳಿದ ಮೂರಕ್ಕಿಂತ ಮೂರು ಬೆರಳು ತಗ್ಗು. ಇದು ಬೀದಿಗೆಲ್ಲ ಗೊತ್ತಿದ್ದ ಸಂಗತಿ. ಯಾಕೆ ತಗ್ಗಾಯಿತು ಎನ್ನುವುದು ಮೇಸ್ತ್ರಿಯೊಬ್ಬನಿಗೇ ಗೊತ್ತಿತ್ತು.

ಭಾವ ದರ್ಜಿ. ಬೀದಿಯವರು ಅವರನ್ನು ಇಂಚಪ್ಪ ಎಂದೇ ಕರೆಯುತ್ತಿದ್ದರು. ಕೊರಳಿನ ಟೇಪನ್ನು ಸ್ನಾನಕ್ಕೆ ಹೋಗುವಾಗಲೂ ತೆಗೆಯುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದರು. ಈಗ ಶೆಡ್ಡಿನಂಚಿನ ಬೆಂಚಿನ ಮೇಲೆ ಕೂತ ಸೈಕಲ್ ರಿಪೇರಿಯವನು ಅದನ್ನೇ ಭಾವನ ಹಳೆಯ ಗಿರಾಕಿ ಗುಮಾಸ್ತರಿಗೆ ಹೇಳುತ್ತಿದ್ದ. ಅವನ ಅಂಗಡಿಗೂ ಭಾವನ ಅಂಗಡಿಗೂ ನಡುವೆ ಒಂದೇ ಗೋಡೆ. ದುಃಖವಾದರೆ ಮಾತು ನಿಲ್ಲುವವರಿದ್ದಾರೆ; ಅವನಿಗೆ ಮಾತು ಕಟ್ಟೆಯೊಡೆಯುತ್ತದೆ. ಅಂಗಿ ಹೊಲಿಸಲು ಬಂದವರಿಗೆಲ್ಲ ಇಂಚಪ್ಪ, ನಿಮ್ಮ ಎಡ ಭುಜ ಕಾಲಿಂಚು ಕೆಳಗಿದೆ, ಚೀಲವನ್ನು ಇನ್ನು ಬಲಕ್ಕೆ ಹಾಕಿಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದರಂತೆ. ಗುಮಾಸ್ತರು ತಮಗೂ ಹಾಗೆ ಹೇಳಿದ್ದರೆಂದು ಒಪ್ಪಿಕೊಂಡು, ತಿಳಿಯದೆಯೇ ಎಡ ಭುಜ ಏರಿಸಿದರು.

"ಪಾಪ, ಕೊನೆಗೆ ಕಣ್ಣೇ ಕೈ ಕೊಡ್ತು ನೋಡಿ," ಎಂದ ಸೈಕಲ್‌ನವನು ತಲೆಯೆತ್ತಿ ತಗಡು ನೋಡುತ್ತಾ. "ಅಂಥಾ ಅಳತೆಗಾರ ಕಟ್ಟಿದ್ದು ಇದು ಅಂದ್ರೆ ಯಾರು ನಂಬ್ತಾರೆ?"

ಗುಮಾಸ್ತರು ನಿಟ್ಟುಸಿರು ಬಿಟ್ಟರು. ಮಂಚದ ಕೆಳಗಿದ್ದ ಮೇಸ್ತ್ರಿಗೆ ಹೊರಗೆ ಬರುವುದೇ ಬೇಡವೆನಿಸಿತು. ಎದ್ದರೆ ಯಾರ ಮುಖವನ್ನಾದರೂ ನೋಡಲೇಬೇಕಾಗಿತ್ತು.

*

ಶೆಡ್ಡಿನ ಯೋಚನೆ ಬಂದಿದ್ದು ಬೆಳಕಿಗಾಗಿ. ಅಂಗಡಿಯ ಎದುರು ಮೂರು ಮಹಡಿ ಎದ್ದು, ಭಾವ ನಡುಮಧ್ಯಾಹ್ನವೂ ದೀಪ ಹಾಕಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕಬೇಕಾಗಿತ್ತು. ಹಿತ್ತಲಲ್ಲಿ ಶೆಡ್ಡು ಹಾಕಿ ಯಂತ್ರವನ್ನು ಅಲ್ಲಿಗೆ ಸಾಗಿಸಿದರೆ ಹಗಲಿಡೀ ಬೆಳಕು. ಮೇಸ್ತ್ರಿ ತಾನೇ ಕಟ್ಟಿಕೊಡುತ್ತೇನೆಂದ. ಭಾವ ಊಟಕ್ಕೆ ಕೂತ ನೆಂಟರೆಲ್ಲರ ಮುಂದೆ ನಕ್ಕುಬಿಟ್ಟರು.

"ಅಳೆಯೋದು, ಕತ್ತರಿಸೋದು, ಜೋಡಿಸೋದು. ಬಟ್ಟೆ ಆದ್ರೇನು, ಮರ ಆದ್ರೇನು? ಇದಕ್ಕೂ ಒಬ್ಬ ಮೇಸ್ತ್ರಿ ಬೇಕಾ?"

ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಭಾವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಖುಷಿಯಲ್ಲಿದ್ದರು, ಆಡಿದರು. ಆದರೆ ಇಪ್ಪತ್ತು ವರ್ಷ ಬಿಸಿಲಲ್ಲಿ ನಿಂತು ಕಲಿತ ಕಸುಬು ಒಂದು ತಮಾಷೆಯಲ್ಲಿ ಮುಗಿದುಹೋಯಿತಲ್ಲ ಎಂದು ಅವನ ಮನಸ್ಸಿಗೆ ಚುಚ್ಚಿತು. ಮುಂದಿನ ಭಾನುವಾರ ಕರೆ ಬಂತು. ಅಡಿಪಾಯದ ಮಟ್ಟ ನೋಡಬೇಕು, ಟ್ಯೂಬಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕು. ಭಾವ ಮೇಸ್ತ್ರಿ, ಮೇಸ್ತ್ರಿ ಕೂಲಿ.

ಸಣ್ಣ ಪಾರದರ್ಶಕ ಟ್ಯೂಬಿಗೆ ನೀರು ತುಂಬಿ, ಎರಡು ತುದಿಗಳನ್ನು ಎರಡು ಗೂಟಗಳಿಗೆ ಹಿಡಿದರೆ, ನಡುವಿನ ನೆಲ ಹೇಗೇ ಇರಲಿ, ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿ ಗೆರೆ ಎಳೆದರೆ ಮುಗಿಯಿತು. ಜಾಗ ಬದಲಿಸುವಾಗ ಮಾತ್ರ ನೀರು ಚೆಲ್ಲದಂತೆ ಬಾಯಿಗೆ ಹೆಬ್ಬೆರಳು ಒತ್ತಿಕೊಳ್ಳಬೇಕು. ಗೆರೆ ಎಳೆಯುವ ಮುಂಚೆ ತೆಗೆಯಬೇಕು. ತೆಗೆಯದಿದ್ದರೆ ಗಾಳಿ ಸಿಕ್ಕಿಕೊಂಡು ನೀರು ಸುಳ್ಳು ಹೇಳುತ್ತದೆ. ಮೇಸ್ತ್ರಿ ಹೊಸ ಕೆಲಸಗಾರರಿಗೆ ಮೊದಲ ದಿನವೇ ಹೇಳಿಕೊಡುತ್ತಿದ್ದ ಪಾಠ ಇದು.

ಮೂರು ಮೂಲೆ ಸರಿಯಾಯಿತು. ನಾಲ್ಕನೆಯದಕ್ಕೆ ಹೋದಾಗ ಬೆರಳು ಹಾಗೆಯೇ ಉಳಿಯಿತು. ಅಷ್ಟರ ಮಟ್ಟಿಗೆ ಅದು ಮರೆವೇ. ಪೆನ್ಸಿಲು ಹಿಡಿದು ಬಗ್ಗಿದಾಗ ಮೇಸ್ತ್ರಿ ತನ್ನ ಹೆಬ್ಬೆರಳನ್ನು ತಾನೇ ನೋಡಿದ. ಉಗುರಿನ ಸುತ್ತ ಬೆಳ್ಳಗಾಗಿತ್ತು, ಅಷ್ಟು ಒತ್ತಿ ಹಿಡಿದಿದ್ದ.

"ನಿಂತಿತಾ ನೀರು?" ಭಾವ ಆ ತುದಿಯಿಂದ ಕೂಗಿದರು.

"ನಿಂತಿದೆ," ಎಂದು ಮೇಸ್ತ್ರಿ ಗೆರೆ ಎಳೆದ.

ಅವನು ಎಣಿಸಿದ್ದು ಇಷ್ಟೇ. ಕಂಬ ಏಳುತ್ತದೆ, ಮಾಡು ವಾಲುತ್ತದೆ, ಭಾವ ತಲೆ ಕೆರೆದುಕೊಂಡು ತನ್ನನ್ನು ಕರೆಯುತ್ತಾರೆ. ತಾನು ಒಂದು ದಿನದಲ್ಲಿ ಸರಿಮಾಡಿ, ಇದಕ್ಕೂ ಒಬ್ಬ ಮೇಸ್ತ್ರಿ ಬೇಕು ನೋಡಿ ಭಾವ ಎಂದು ನೆಂಟರ ಮುಂದೆಯೇ ನಗುತ್ತಾನೆ. ಲೆಕ್ಕ ಚುಕ್ತಾ.

ಭಾವ ಆಗಲೇ ನಾಲ್ಕೂ ಕಂಬಗಳನ್ನು ಒಂದೇ ಅಳತೆಗೆ ಕತ್ತರಿಸಿಟ್ಟಿದ್ದರು, ಅಂಗಿಯ ತೋಳು ಕತ್ತರಿಸಿದ ಹಾಗೆ. ಕಸುಬಿನವನಾದರೆ ಮೊದಲು ನಿಲ್ಲಿಸಿ ಆಮೇಲೆ ಕೊಯ್ಯುತ್ತಾನೆ. ಜಾಗ ಇಳಿಜಾರಾದ್ದರಿಂದ ನೆಲ ಹಾಕುವಾಗಲೂ ಕಣ್ಣಿಗೆ ಗೊತ್ತಾಗಲಿಲ್ಲ. ತಗಡು ಹೊದಿಸಿದ ದಿನ ಮಾತ್ರ ಬೀದಿಯ ಕೊನೆಯಿಂದಲೇ ಕಂಡಿತು.

*

ಭಾವ ಸರಿಮಾಡಿಕೊಡು ಎಂದು ಕರೆಯಲಿಲ್ಲ. ಇನ್ನೊಮ್ಮೆ ಟ್ಯೂಬು ಹಿಡಿಯಲು ಕರೆದರು. ಈ ಸಲ ಮೇಸ್ತ್ರಿ ಬೆರಳು ತೆಗೆದು ಹಿಡಿದ. ಮೂರು ಬೆರಳು ವ್ಯತ್ಯಾಸ. ಭಾವ ಕಂಬಗಳನ್ನು ಮತ್ತೆ ಅಳೆದರು. ನಾಲ್ಕೂ ಒಂದೇ. ಟೇಪನ್ನು ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

"ಅಂದ್ರೆ ಆವತ್ತು ಆ ಕಡೆ ನಾನೇ ತಪ್ಪು ನೋಡಿದ್ನಾ?" ಎಂದರು.

ಬಾಯಿ ಬಿಡಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಒಂದು ಮಾತು, ಎರಡು ಬೈಗುಳ, ಒಂದು ನಗು, ಮುಗಿದುಹೋಗುತ್ತಿತ್ತು. ಮೇಸ್ತ್ರಿಯ ನಾಲಿಗೆ ಬೇರೆಯದನ್ನೇ ಆಡಿತು.

"ವಯಸ್ಸಾಯ್ತಲ್ಲ ಭಾವ. ಒಂದ್ಸಲ ಕಣ್ಣು ತೋರಿಸ್ಕೊಳ್ಳಿ."

ಭಾವ ತೋರಿಸಿಕೊಂಡರು. ಕಣ್ಣಿನ ಡಾಕ್ಟರು ಏನೂ ತೊಂದರೆಯಿಲ್ಲ ಎಂದು ಕಳಿಸಿದರು. ಕನ್ನಡಕ ಕೊಟ್ಟಿದ್ದರೆ ಬದುಕಿಕೊಳ್ಳುತ್ತಿದ್ದರೇನೋ. ಕಣ್ಣು ಸರಿಯಿದೆ ಎಂದ ಮೇಲೆ ದೋಷ ಕೈಯದ್ದೋ ತಲೆಯದ್ದೋ ಆಗಿರಬೇಕು ಎಂದು ಅವರು ತೀರ್ಮಾನಿಸಿದರು. ಅಲ್ಲಿಂದಾಚೆ ಪ್ರತಿ ಬಟ್ಟೆಯನ್ನೂ ಮೂರು ಸಲ ಅಳೆದರು, ಆಮೇಲೆ ಆರು ಸಲ. ಒಂದು ಅಂಗಿಗೆ ಮೂರು ವಾರ ಹಿಡಿಯಿತು. ಗುಮಾಸ್ತರಂಥ ಹಳೆಯ ಗಿರಾಕಿಗಳು ಪಾಪ ಅನ್ನುತ್ತಲೇ ಸಿದ್ಧ ಉಡುಪಿನ ಅಂಗಡಿಗೆ ದಾರಿ ಹಿಡಿದರು.

ಮೂರು ವರ್ಷದ ನಂತರ ಮಗಳ ಮದುವೆ. ಯಾವುದೋ ಕೆಲಸಕ್ಕೆ ಬಂದ ಮೇಸ್ತ್ರಿ ಶೆಡ್ಡಿಗೆ ಇಣುಕಿದ. ಮೇಜಿನ ಮೇಲೆ ಮದುವೆಯ ಬಟ್ಟೆ ಹರಡಿತ್ತು. ಅದರ ತುಂಬ ಸೀಮೆಸುಣ್ಣದ ಗೆರೆಗಳು, ಅಳಿಸಿದ ಗೆರೆಯ ಮೇಲೆ ಇನ್ನೊಂದು, ಅದರ ಪಕ್ಕ ಮತ್ತೊಂದು. ಭಾವ ಕತ್ತರಿ ಹಿಡಿದು ನಿಂತಿದ್ದರು. ಬಾಯಿ ತೆರೆದ ಕತ್ತರಿ ಬಟ್ಟೆಯ ಅಂಚಿಗೆ ಬಂದು ಹಿಂದೆ ಸರಿಯುತ್ತಿತ್ತು. ಮೇಸ್ತ್ರಿ ಸದ್ದಾಗದಂತೆ ಹಿಂತಿರುಗಿದ. ಮರುದಿನ ಭಾವ ಬಟ್ಟೆಯನ್ನು ಒಗೆಸಿ, ಇಸ್ತ್ರಿ ಮಾಡಿಸಿ, ದೊಡ್ಡ ರಸ್ತೆಯ ದರ್ಜಿಗೆ ಕೊಟ್ಟುಬಂದರು. ಅಲ್ಲಿ ಹೊಸ ಮಾದರಿ ಚೆನ್ನಾಗಿ ಹೊಲಿಯುತ್ತಾರೆ ಎಂದು ಮಗಳಿಗೆ ಹೇಳಿದರಂತೆ.

*

ವಾಹನ ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ಅಲ್ಲಿಯವರೆಗೆ ಹೊತ್ತೊಯ್ಯಬೇಕು ಎಂದು ತಿಳಿಸಲು ಮೇಸ್ತ್ರಿ ಒಳಗೆ ಹೋದ. ಅಡುಗೆಮನೆಯಲ್ಲಿ ಸೊಸೆ, ಅಂದರೆ ಅಕ್ಕನ ಮಗಳು, ಅಪ್ಪನಿಗೆ ತೊಡಿಸುವ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅಕ್ಕ ಗೋಡೆಗೊರಗಿ ಕೂತಿದ್ದಳು.

"ಇದು ಅಪ್ಪನೇ ಹೊಲಿದಿದ್ದು," ಎಂದಳು ಸೊಸೆ ತಲೆಯೆತ್ತದೆ. "ಕಾಲರ್ ನೋಡು ಮಾಮ, ಹೇಗಿದೆ. ಊರವರಿಗೆಲ್ಲ ಹೊಲಿದ್ರು, ನನ್ನ ಮದುವೆಗೆ ಒಂದು ಗುಂಡಿ ಹಾಕ್ಲಿಲ್ಲ. ಇವರಿಗೆ ನಾನು ಅಷ್ಟಕ್ಕಷ್ಟೇ ಅಂದ್ಕೊಂಡೆ. ಎಂಟು ವರ್ಷ ಆಯ್ತು, ಇವತ್ತೂ ಅದೇ ನೆನಪಾಗ್ತಿದೆ. ನನಗೇ ನಾಚಿಕೆ ಆಗುತ್ತೆ."

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದುಕೊಂಡ. ಸುಮ್ಮನಿರುವುದು ಅವನಿಗೆ ಅಭ್ಯಾಸವಾಗಿತ್ತು. ಇನ್ನೊಂದು ಗಂಟೆ ಸುಮ್ಮನಿದ್ದರೆ ಆಮೇಲೆ ಸಾಯುವವರೆಗೂ ಸುಮ್ಮನಿರಬಹುದಾಗಿತ್ತು. ಆದರೆ ಭಾವ ಪ್ರಾಣಕ್ಕಿಂತ ಹೆಚ್ಚಾಗಿ ಕಂಡ ಮಗಳು ತನ್ನಪ್ಪ ತನ್ನನ್ನು ಕಡೆಗಣಿಸಿದ ಎಂದುಕೊಂಡೇ ಅವರನ್ನು ಕಳಿಸಿಕೊಡುವುದನ್ನು ನೋಡುತ್ತಾ ನಿಲ್ಲಲು ಅವನಿಂದ ಆಗಲಿಲ್ಲ. ಹೇಳಿದ. ಊಟದ ದಿನದ ತಮಾಷೆ, ಟ್ಯೂಬು, ಹೆಬ್ಬೆರಳು, ಮೂರು ಬೆರಳು, ಕಣ್ಣು ತೋರಿಸಿಕೊಳ್ಳಿ ಎಂದದ್ದು, ಕತ್ತರಿ ಹಿಂದೆ ಸರಿದದ್ದು. ತನ್ನ ಪರವಾಗಿ ಏನನ್ನೂ ಸೇರಿಸಲಿಲ್ಲ. ಸೇರಿಸಲು ಏನೂ ಇರಲಿಲ್ಲ.

"ಬೆರಳು ಇದೆ ಅಂತ ಗೊತ್ತಾದ್ಮೇಲೂ ಗೆರೆ ಎಳೆದ್ಯಾ?" ಅಕ್ಕ ಕೇಳಿದಳು.

"ಹ್ಞೂಂ. ಎಳೆದೆ."

ಅಕ್ಕ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ.

"ಊಟಕ್ಕೆ ಕೂತಾಗ ತಮ್ಮ ಕೈ ತಾವೇ ನೋಡ್ಕೊಂಡು ಕೂರ್ತಿದ್ರು," ಎಂದಳು. "ಏನಾಯ್ತು ಅಂದ್ರೆ ಏನಿಲ್ಲ ಅನ್ನೋರು. ನೀನೂ ಎಷ್ಟೋ ಸಲ ಪಕ್ಕದಲ್ಲೇ ಕೂತಿದ್ದೆ."

ಸೊಸೆ ಇಸ್ತ್ರಿಪೆಟ್ಟಿಗೆಯನ್ನು ಅಂಗಿ ಸುಡದಂತೆ ಎತ್ತಿ ಪಕ್ಕಕ್ಕಿಟ್ಟಳು. ಅಂಗಿಯ ಕಾಲರನ್ನು ಹಿಡಿದುಕೊಂಡಳು.

"ಅಪ್ಪ ಕತ್ತರಿ ಹಿಡಿದಿದ್ರು ಅಂದ್ಯಲ್ಲ, ನಿಜಾನಾ?"

"ನಿಜ. ಬಟ್ಟೆ ತುಂಬ ಗೆರೆ ಹಾಕಿದ್ರು. ಎಲ್ಲಿ ಕೆಡಿಸಿಬಿಡ್ತೀನೋ ಅಂತ ಹೆದರಿದ್ರು, ಅಷ್ಟೇ."

ಅವಳಿಗೆ ಆಗ ಅಳು ಬಂತು. ಬೆಳಗಿನಿಂದ ಬಾರದಿದ್ದದ್ದು ಅಂಗಿಗೆ ಮುಖವೊತ್ತಿದಾಗ ಒಮ್ಮೆಗೇ ಬಂತು. ಸಮಾಧಾನವಾದ ಮೇಲೆ ಅವಳು ಮಾಮನ ಕಡೆ ನೋಡದೆ ಹೇಳಿದಳು:

"ಹೊರಗೆ ಹೋಗಿ ಅವರಿಗೂ ಹೇಳು. ಎಲ್ಲರಿಗೂ ಕೇಳೋ ಹಾಗೆ ಹೇಳು."

*

ಸೈಕಲ್‌ನವನು ಮತ್ತೊಂದು ಕತೆಯ ನಡುವೆ ಇದ್ದ. ಮೇಸ್ತ್ರಿ ಮಂಚದ ಪಕ್ಕ ನಿಂತು, ಒಂದು ಮಾತು ಹೇಳುವುದಿದೆ ಎಂದ. ಎರಡನೆಯ ಸಲ ಹೇಳುವಾಗ ಸುಲಭವಾಗಬಹುದು ಎಂದುಕೊಂಡಿದ್ದ. ಆಗಲಿಲ್ಲ. ದೇಹದ ಮುಂದೆ ನಿಂತು ಹೇಳುವಾಗ ತಾನು ಹೇಳುತ್ತಿರುವುದು ಭಾವನಿಗೇ ಎನಿಸಿತು.

"ಅಂದ್ರೆ ಇಂಚಪ್ಪನ ಅಳತೆ ಸರಿ ಇತ್ತಾ?" ಸೈಕಲ್‌ನವನು ಕೇಳಿದ.

"ಸರಿ ಇತ್ತು. ಕೂದಲೆಳೆಯಷ್ಟೂ ತಪ್ಪಿರ್ಲಿಲ್ಲ."

ಗುಮಾಸ್ತರು ತಮ್ಮ ಅಂಗಿಯ ತೋಳಿನ ಅಂಚನ್ನು ಮುಷ್ಟಿಯೊಳಗೆ ಎಳೆದುಕೊಂಡರು. ಬೇರೆ ಯಾರೋ ಕನ್ನಡಕ ತೆಗೆದು ಒರೆಸಿದರು. ಮೇಸ್ತ್ರಿಯನ್ನು ಯಾರೂ ಏನೂ ಅನ್ನಲಿಲ್ಲ. ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗವನ್ನೂ ಮಾಡಲಿಲ್ಲ.

ಹೊರಡುವ ಹೊತ್ತಾಯಿತು. ದೇಹವನ್ನು ಉದ್ದದ ಹಲಗೆಗೆ ಸಾಗಿಸಿದರು. ಅಳಿಯ, ಸೈಕಲ್‌ನವನು ಮತ್ತು ಗುಮಾಸ್ತರು ಮೂರು ಮೂಲೆ ಹಿಡಿದರು. ಹಿಂದಿನ ಎಡ ಮೂಲೆ ಉಳಿಯಿತು. ಅದು ಹೆಂಡತಿಯ ತಮ್ಮನದೇ ಎಂದು ಬೆಳಿಗ್ಗೆ ಎಲ್ಲರೂ ಒಪ್ಪಿದ್ದರು. ಮೇಸ್ತ್ರಿ ಗೋಡೆಯ ಕಡೆ ಸರಿದು ನಿಂತಿದ್ದ. ಬೇರೊಬ್ಬ ಮುಂದೆ ಬಂದಾಗ ಅಕ್ಕ ಕೈಯಡ್ಡ ಹಿಡಿದು ತಮ್ಮನನ್ನು ನೋಡಿದಳು.

"ನೀನೇ ಹೊರು," ಎಂದಳು. "ವಾಲಿಸ್ಬೇಡ."

ಅವನು ಹೆಗಲು ಕೊಟ್ಟ. ಉಳಿದ ಮೂವರಿಗಿಂತ ಅವನು ಗೇಣು ಕುಳ್ಳ. ಎತ್ತಿದ ಕೂಡಲೇ ಹಲಗೆ ಅವನ ಕಡೆ ಇಳಿಯಿತು. ಮುಂದಿನಿಂದ ಅಳಿಯ, ಹಿಂದೆ ತಗ್ಗಾಗ್ತಿದೆ, ಏರಿಸಿ ಎಂದ. ಮೇಸ್ತ್ರಿ ಹೆಗಲನ್ನು ತಪ್ಪಿಸಿ, ಎರಡೂ ಅಂಗೈಗಳನ್ನು ಹಲಗೆಯ ಅಡಿಗೆ ಕೊಟ್ಟು ತಲೆಯ ಮಟ್ಟಕ್ಕೆ ಎತ್ತಿದ. ಬೀದಿಯ ನಡುವಿನ ಹೊತ್ತಿಗೆ ಮೊಣಕೈಗಳು ಅದುರತೊಡಗಿದವು. ಎತ್ತರದ ಒಬ್ಬರು ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ, ಬಿಡಿ ನಾನು ಹಿಡೀತೀನಿ ಎಂದರು. ಅವನು ಬೇಡವೆಂದು ತಲೆಯಾಡಿಸಿದ.

ಮನೆಗಳ ಮುಂದೆ ನಿಂತವರು ನೋಡುತ್ತಿದ್ದರು. ಮೂವರು ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದರು. ನಾಲ್ಕನೆಯವನು ತುದಿಗಾಲಲ್ಲಿ ನಡೆಯುತ್ತಿದ್ದ, ಕತ್ತಿನ ನರಗಳು ಉಬ್ಬಿದ್ದವು, ಕಣ್ಣಿಗಿಳಿದ ಬೆವರನ್ನೋ ನೀರನ್ನೋ ಒರೆಸಿಕೊಳ್ಳಲು ಅವನಿಗೆ ಕೈ ಇರಲಿಲ್ಲ.